ಇರುವೆ ಕಚ್ಚುವ ಬಸ್ಸುಗಳು

"ಹಾಕಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು ಅತ್ತಿಗೆ. ನಾನೇನು ಪೊಲೀಸಲ್ಲ."

ನಾದಿನಿ ಈ ಮಾತು ಕೇಳಿ ನಾಲ್ಕು ದಿನವಾಗಿತ್ತು. ಮಂಡಿಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ ಬಲಗಾಲನ್ನು ಎರಡು ದಿಂಬಿನ ಮೇಲಿಟ್ಟು, ನಡುಮನೆಯ ಗೋಡೆಗೆ ಒರಗಿ ಕೂತ ಅವಳು ಅದೊಂದನ್ನು ಕೇಳಿದ ಮೇಲೆ ಅತ್ತಿಗೆಯನ್ನು ಮತ್ತೇನೂ ಕೇಳಿರಲಿಲ್ಲ. ಅತ್ತಿಗೆ ಊಟದ ತಟ್ಟೆ ಹಿಡಿದು ಎದುರಿಗೇ ನಿಂತಿದ್ದರೂ ಒಳಕೋಣೆಯ ಕಡೆ ಕತ್ತು ತಿರುಗಿಸಿ "ಅಣ್ಣಾ, ಊಟ" ಎಂದು ಕೂಗುತ್ತಿದ್ದಳು.

ಅತ್ತಿಗೆ ಸುಳ್ಳು ಹೇಳಲು ಬಾರದ ಹೆಂಗಸೇನಲ್ಲ. ಹತ್ತೊಂಬತ್ತು ವರ್ಷ ಬಸ್ಸು ತೊಳೆದು, ಏಳು ಮ್ಯಾನೇಜರುಗಳನ್ನು ಸಂಭಾಳಿಸಿದವಳಿಗೆ ಆ ವಿದ್ಯೆ ಬರದೆ ಇರುತ್ತದೆಯೇ? ಆದರೆ ಸುಳ್ಳು ಹೇಳಬೇಕಾದರೂ ನಿಜ ಯಾವುದೆಂದು ಮೊದಲು ಗೊತ್ತಿರಬೇಕಲ್ಲ. ಅವಳಿಗೆ ಅದೇ ಗೊತ್ತಿರಲಿಲ್ಲ.

ಬಸ್ಸುಗಳ ಅಂಗಳದಲ್ಲಿ ಅವಳನ್ನು ಎಲ್ಲರೂ ಸರಪಳಿಯಕ್ಕ ಎನ್ನುತ್ತಾರೆ. ಊರಾಚೆಯ ಆ ಅಂಗಳದ ನೆತ್ತಿಯ ಮೇಲೆ, ಈ ಗೋಪುರದಿಂದ ಆ ಗೋಪುರಕ್ಕೆ, ಹೈ ಟೆನ್ಶನ್ ತಂತಿಗಳು ಹಾದುಹೋಗುತ್ತವೆ. ಅವುಗಳ ಕೆಳಗೆ ಮನೆ ಕಟ್ಟುವಂತಿಲ್ಲ, ಶೆಡ್ಡು ಹಾಕುವಂತಿಲ್ಲ, ಮರ ಬೆಳೆಸುವಂತಿಲ್ಲ. ಬಸ್ಸು ನಿಲ್ಲಿಸಬಹುದು. ಬಸ್ಸು ತೊಳೆಯುವ ಹೆಂಗಸರನ್ನು ನಿಲ್ಲಿಸಬಹುದು. ಅದಕ್ಕೆ ಯಾರ ಅಭ್ಯಂತರವೂ ಇಲ್ಲ. ಯಾರಿಗೂ ಬೇಡವಾದ ಜಾಗ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆ ತಂತಿ ಬಸ್ಸನ್ನು ಮುಟ್ಟುವುದೇ ಇಲ್ಲ, ಅಷ್ಟು ಎತ್ತರದಲ್ಲಿದೆ. ಮುಟ್ಟದೆಯೇ, ಕೆಳಗೆ ನಿಂತ ಲೋಹದ ಮೈಗೆ ಕರೆಂಟು ತುಂಬುತ್ತದೆ. ಬಸ್ಸಿನ ಆರೂ ಚಕ್ರ ರಬ್ಬರು. ತುಂಬಿದ್ದು ನೆಲಕ್ಕೆ ಇಳಿದುಹೋಗಲು ದಾರಿ ಇರುವುದಿಲ್ಲ. ಬರಿಗಾಲಲ್ಲಿ ನಿಂತವರು ಬಂದು ಮುಟ್ಟಿದರೆ ಅವರ ಮೈಯೇ ದಾರಿ. ಚುರ್ರೆಂದು ಒಂದು ಕಿಡಿ, ಆಮೇಲೆ ಬೆರಳಿನಿಂದ ಮೊಣಕೈವರೆಗೆ ಕೆಂಪಿರುವೆಯ ಸಾಲು ಹತ್ತಿದ ಹಾಗೆ. ಅಂಗಳದವರು ಅದನ್ನು ಇರುವೆ ಎಂದೇ ಕರೆಯುತ್ತಾರೆ. "ಐದನೇದರಲ್ಲಿ ಇವತ್ತು ಇರುವೆ ಜೋರು ಕಣ್ರೇ" ಎಂದು ಒಬ್ಬಳು ಕೂಗಿದರೆ ಉಳಿದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವಳೊಬ್ಬಳು ಮನೆಯಿಂದ ಇರುವೆ ಪುಡಿ ತಂದು ಬಸ್ಸಿನ ಸುತ್ತ ಉದುರಿಸಿದ್ದಳು. ಅವಳನ್ನು ಹೆಂಗಸರು ಮೂರು ತಿಂಗಳು ಆಡಿಕೊಂಡಿದ್ದರು.

ಮುಟ್ಟುವುದಕ್ಕೂ ಅಲ್ಲೊಂದು ರೀತಿಯಿದೆ. ಮೊದಲು ಹಿಂಗೈ ತಾಗಿಸಬೇಕು, ಆಮೇಲೆ ಅಂಗೈ. ಹಿಂಗೈಗೆ ಕಚ್ಚಿದರೆ ಕೈ ತಾನಾಗಿ ಆಚೆಗೆ ಜಿಗಿಯುತ್ತದೆ, ಹಿಡಿದುಕೊಳ್ಳುವುದಿಲ್ಲ.

ಎಷ್ಟೋ ವರ್ಷದ ಕೆಳಗೆ ತಂತಿಯ ಇಲಾಖೆಯ ಒಬ್ಬರು ಬಂದು ಒಂಬತ್ತು ಸರಪಳಿ ಕೊಟ್ಟುಹೋಗಿದ್ದರು. ಬಸ್ಸು ಬಂದು ನಿಂತ ಕೂಡಲೇ ಸರಪಳಿಯ ಕೊಕ್ಕೆಯನ್ನು ಮುಂದಿನ ಬಂಪರಿನ ಕೆಳಗಿನ ತೂತಿಗೆ ಸಿಕ್ಕಿಸಬೇಕು, ಇನ್ನೊಂದು ತುದಿ ನೆಲಕ್ಕೆ ಬೀಳಬೇಕು. ಆಗ ಇರುವೆ ಸರಪಳಿ ಹಿಡಿದು ಇಳಿದುಹೋಗುತ್ತದೆ. ಆ ಕೆಲಸ ಅಂದಿನಿಂದ ಇವಳದೇ. ಬೆಳಗ್ಗೆ ಏಳಕ್ಕೆ ಬಂದವಳೇ ಒಂಬತ್ತು ಬಸ್ಸಿಗೂ ಬಗ್ಗಿ, ಕೊಕ್ಕೆ ಹಾಕಿ, ಸೊಂಟ ಹಿಡಿದುಕೊಂಡು ಎದ್ದು "ಆಯ್ತು, ಹತ್ರೀ" ಎನ್ನುತ್ತಾಳೆ. ಅವಳು ಹಾಗೆ ಅಂದ ಮೇಲೆಯೇ ಹೆಂಗಸರು ಕಟ್ಟೆ ಹತ್ತುವುದು. ಗೇಟಿನ ಪಕ್ಕ ಒಂದು ಬೋರ್ಡೂ ಇದೆ: ಸರಪಳಿ ಹಾಕದೆ ಬಸ್ಸು ಮುಟ್ಟಬಾರದು. ಏಕೆ ಎಂದು ಬೋರ್ಡು ಹೇಳುವುದಿಲ್ಲ. ಏಕೆ ಎಂದು ಹೇಳಿದ್ದ ಮನುಷ್ಯ ಅದನ್ನು ಆಗಿನ ಮ್ಯಾನೇಜರಿಗೆ ಹೇಳಿ ಹೋದ, ಆ ಮ್ಯಾನೇಜರು ಅದನ್ನು ತನ್ನ ಜೊತೆಗೇ ಕಟ್ಟಿಕೊಂಡು ವರ್ಗವಾಗಿ ಹೋದರು.

ಕಟ್ಟೆ ಎಂದರೆ ಬಸ್ಸುಗಳ ಮೂತಿಯ ಎದುರು ಉದ್ದಕ್ಕೂ ಕಟ್ಟಿದ ಕಾಂಕ್ರೀಟಿನ ಗೋಡೆ. ಐದಡಿ ಎತ್ತರ, ಎರಡಡಿ ಅಗಲ. ಅದರ ಮೇಲೆ ನಿಂತರೆ ಮುಂದಿನ ಗಾಜೂ ಕನ್ನಡಿಯೂ ಕೈಗೆ ಸಿಗುತ್ತವೆ. ಚಪ್ಪಲಿ ಹಾಕಿದರೆ ಜಾರುತ್ತದೆಂದು ಬರಿಗಾಲಲ್ಲೇ ಹತ್ತುತ್ತಾರೆ. ನೀರು ಹಾಕುವ ಮುಂಚೆ ಒಣಬಟ್ಟೆಯಲ್ಲಿ ಧೂಳು ಒರೆಸಬೇಕು. ಇಲ್ಲದಿದ್ದರೆ ಗಾಜೆಲ್ಲ ಕೆಸರು ಬಳಿದಂತಾಗುತ್ತದೆ. ಸೋಮವಾರ ಎಂಟು ಗಂಟೆಗೆ ನಾದಿನಿ ಮೂರನೇ ಬಸ್ಸಿನ ಎದುರು ಒರೆಸುತ್ತಿದ್ದಳು. ಕನ್ನಡಿಯ ಕಬ್ಬಿಣದ ಕೋಲಿಗೆ ಕೈ ಚಾಚಿದಳು. ಅತ್ತಿಗೆ "ಹತ್ರೀ" ಎಂದ ಮೇಲೆ ಹಿಂಗೈ ಯಾಕೆ, ನೇರ ಅಂಗೈಯನ್ನೇ ಇಟ್ಟಳು. ಕಿಡಿ ಹಾರಿತು, ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟಳು. ಎರಡಡಿ ಕಟ್ಟೆಯ ಮೇಲೆ ಹಿಂದೆ ಎಂಬುದೇ ಇಲ್ಲ.

ಅವಳನ್ನು ಎತ್ತಿ ಆಟೋದಲ್ಲಿ ಮಲಗಿಸುವಷ್ಟರಲ್ಲಿ ಎಂಟೂಕಾಲಾಗಿತ್ತು. ಮೂರನೇ ಬಸ್ಸಿಗೆ ಅದು ಟ್ರಿಪ್ಪಿನ ಹೊತ್ತು. ಬಸ್ಸು ಹೊರಟೇಹೋಯಿತು. ಅದು ನಿಂತಿದ್ದ ಜಾಗದಲ್ಲಿ ಸರಪಳಿ ಸುರುಳಿಯಾಗಿ ಬಿದ್ದಿತ್ತು. ಗಡಿಬಿಡಿಯಲ್ಲಿ ಯಾರೋ ಬಿಚ್ಚಿ ಎಸೆದರೋ, ಬೆಳಗಿನಿಂದ ಅಲ್ಲೇ ಇತ್ತೋ, ಕಂಡವರು ಯಾರೂ ಇಲ್ಲ.

ಕರೆಂಟಿನ ಗುರುತೇ ಮೈಮೇಲೆ ಇಲ್ಲ, ಬಿದ್ದು ಮೂಳೆ ಮುರಿದಿದೆ ಅಷ್ಟೇ ಎಂದರು ಡಾಕ್ಟರು. ಮ್ಯಾನೇಜರ್ ಸಂತೋಷದಿಂದ "ಕಾಲು ಜಾರಿ ಬಿದ್ದದ್ದು" ಎಂದು ಬರೆದುಕೊಂಡರು. ಮೂರನೇ ಬಸ್ಸಿನ ಹಳೇ ಡ್ರೈವರ್, ಬಾಯಿ ಸುಮ್ಮನಿರದ ಮನುಷ್ಯ, ಟ್ರಿಪ್ಪು ಮುಗಿಸಿ ಬಂದವನೇ "ಎಂಥ ಜಾರೋದು ಸಾರ್? ಕಿಡಿ ಹಾರಿದ್ದು ಸೀಟಲ್ಲಿ ಕೂತು ನಾನೇ ನೋಡಿದೆ" ಎಂದು ಕೂಗಾಡಿದ. ಆಗ ಅದನ್ನು ಹೊಡೆದುಹಾಕಿ ಬೇರೆ ಬರೆದರು. ಮರುದಿನ ಕಾಗದ ಇವಳ ಮುಂದೆ ಬಂತು. ಬಸ್ಸಿಗೆ ಸರಪಳಿ ಹಾಕಲು ನಾನು ಮರೆತಿದ್ದೆ, ಅದರಿಂದ ಅಪಘಾತವಾಯಿತು.

"ಬರೀ ಫೈಲಿಗಮ್ಮ," ಎಂದರು ಮ್ಯಾನೇಜರ್. "ನಿನ್ನನ್ನೇನು ಕೆಲಸದಿಂದ ತೆಗೆಯಲ್ಲ. ಫೈಲ್ ಮುಚ್ಚಬೇಕು, ಅಷ್ಟೇ. ಶನಿವಾರದೊಳಗೆ ಸಹಿ ಹಾಕಿ ಕೊಡು."

"ನೆನಪಿಲ್ಲ ಸಾರ್. ಹಾಕಿದ್ದೆ ಅಂತಾನೇ ಅನ್ಸುತ್ತೆ."

"ನೆನಪಿಲ್ಲ ಅಂದ್ರೆ ಮರೆತಿದೀಯ ಅಂತ ತಾನೇ ಅರ್ಥ? ಅದನ್ನೇ ಬರೆದಿರೋದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ತರ್ಕ ಯಾವಾಗಲೂ ಹೀಗೆ ಬಲು ಶುದ್ಧವಾಗಿರುತ್ತದೆ.

ಅವಳು ಆ ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ನಾಲ್ಕು ದಿನ ತಿರುಗಿದಳು. ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಅಡುಗೆಮನೆಯಲ್ಲಿ ಒಲೆ ಆರಿಸಿ ಬಂದವಳು ಆರಿಸಿದೆನೋ ಇಲ್ಲವೋ ಎಂದು ಮತ್ತೆ ಒಳಗೆ ಹೋಗಿ ನೋಡುವಳು. ಬಾಗಿಲಿಗೆ ಚಿಲಕ ಹಾಕಿ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬರುವಳು. ಸೋಮವಾರದ ಬೆಳಗನ್ನು ಕಣ್ಣು ಮುಚ್ಚಿ ನೆನೆದರೆ ಬಗ್ಗಿದ್ದು ನೆನಪಾಗುತ್ತಿತ್ತು, ಕೊಕ್ಕೆಯ ತಣ್ಣನೆಯ ಕಬ್ಬಿಣ ನೆನಪಾಗುತ್ತಿತ್ತು. ಆದರೆ ಅದು ಸೋಮವಾರದ ಕೊಕ್ಕೆಯೋ, ಅದರ ಹಿಂದಿನ ಶನಿವಾರದ್ದೋ, ಹತ್ತು ವರ್ಷದ ಹಿಂದಿನದೋ? ದಿನಾ ಒಂಬತ್ತು ಸಲ ಮಾಡಿದ ಕೆಲಸದಲ್ಲಿ ಒಂದು ಸಲವನ್ನು ಮಾತ್ರ ಹೆಕ್ಕಿ ತೆಗೆಯುವುದು, ಸುರಿದ ಅಕ್ಕಿಯಲ್ಲಿ ನಿನ್ನೆ ನೋಡಿದ ಕಾಳು ಹುಡುಕಿದ ಹಾಗೆ.

ಅವಳ ಗಂಡ ಸಂತೆಬೀದಿಯ ಮೂಲೆಯಲ್ಲಿ ಕೂತು ಬೀಗ ರಿಪೇರಿ ಮಾಡುವವನು. ಅವನ ಬಳಿ ಎಲ್ಲ ಬೀಗಕ್ಕೂ ಒಂದು ಕೀಲಿ ಇದೆ.

"ಹಾಕಿದ್ದೆ ಅಂದ್ಬಿಡು. ನೋಡಿದೋರು ಯಾರು?"

"ಬಿದ್ದೋಳು ನಿಮ್ಮ ತಂಗಿ ರೀ."

"ಅದಕ್ಕೇ ಹೇಳ್ತಿರೋದು. ಅವಳಿಗೂ ಸಮಾಧಾನ, ನಿನಗೂ ಸಮಾಧಾನ, ನನಗೆ ಎರಡು ಹೊತ್ತು ನೆಟ್ಟಗೆ ಊಟ."

ನಡುಮನೆಯಿಂದ ನಾದಿನಿಯ ದನಿ ಬಂತು. "ಅಣ್ಣಾ, ಕಾಲು ಮುರಿದಿದೆ, ಕಿವಿ ಚೆನ್ನಾಗಿದೆ."

ಗುರುವಾರ ಅವಳು ಅಂಗಳದಲ್ಲಿ ಒಂದು ಹೊಸ ಕೆಲಸ ಶುರು ಮಾಡಿದಳು. ಕೊಕ್ಕೆ ಹಾಕಿ ಹತ್ತು ಹೆಜ್ಜೆ ಹೋಗುವುದು, ಹಿಂದಿರುಗಿ ಬಂದು ಹಾಕಿದೆಯೇ ಎಂದು ಕೈಯಲ್ಲಿ ಎಳೆದು ನೋಡುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳಂತೆ ಅವಳು ಸರಪಳಿ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು. ಎಳೆದು ನೋಡಿದ್ದೂ ಸಾಲದೆ ಶುಕ್ರವಾರ ಅವಳು ಕಟ್ಟೆಯನ್ನೇ ಹತ್ತಿದಳು. ಸೊಂಟ ಹಿಡಿದುಕೊಂಡ ಮೇಲೆ ಅವಳದು ನೆಲದ ಕೆಲಸವೇ ಆಗಿತ್ತು. ಕಟ್ಟೆ ಹತ್ತಿ ಎರಡು ವರ್ಷವಾಗಿತ್ತು. ಮೊದಲನೇ ಬಸ್ಸಿಗೆ ತಾನೇ ಕೊಕ್ಕೆ ಹಾಕಿ, ಎಳೆದು ನೋಡಿ, ಹತ್ತಿ, ಬರಿಗಾಲಲ್ಲಿ ನಿಂತು ಹಿಂಗೈ ತಾಗಿಸಿದಳು.

ಇರುವೆ ಕಚ್ಚಿತು.

ಇಳಿದು ನೋಡಿದಳು. ಕೊಕ್ಕೆ ತೂತಿನಲ್ಲೇ ಇದೆ. ಮತ್ತೆ ಹತ್ತಿ ತಾಗಿಸಿದಳು, ಮತ್ತೆ ಕಚ್ಚಿತು. ಎರಡನೇದು, ಮೂರನೇದು, ನಾಲ್ಕನೇದು. ಎಲ್ಲಕ್ಕೂ ಸರಪಳಿ ಇದೆ, ಎಲ್ಲದರಲ್ಲೂ ಇರುವೆ ಇದೆ. ಎಂಟನೇದಕ್ಕೆ ಬರುವ ಹೊತ್ತಿಗೆ ಅವಳ ಕೈ ಮೊಣಕೈವರೆಗೆ ಜೋಮು ಹಿಡಿದಿತ್ತು. ಒಂಬತ್ತನೇದನ್ನು ಹಲ್ಲು ಕಚ್ಚಿ ಮುಟ್ಟಿದಳು.

ಏನೂ ಇಲ್ಲ. ಸತ್ತ ಹಾವಿನ ಹಾಗೆ ತಣ್ಣಗೆ ನಿಂತಿತ್ತು ಬಸ್ಸು.

"ಅದು ತಂತಿಗೆ ದೂರ ಇರ್ಬೇಕು ಬಿಡು ತಾಯಿ," ಎಂದ ಕೆಳಗೆ ನಿಂತು ಬೀಡಿ ಎಳೆಯುತ್ತಿದ್ದ ಹಳೇ ಡ್ರೈವರ್.

"ಕತ್ತೆತ್ತಿ ನೋಡಣ್ಣ. ನೆತ್ತಿ ಮೇಲೇ ಇದೆ. ಸ್ವಲ್ಪ ಅದರ ಸರಪಳಿ ಬಿಚ್ಚು."

ಅವನು ಬಿಚ್ಚಿದ. ಅವಳು ಮುಟ್ಟಿದಳು. ಕಚ್ಚಿತು. ಹಾಕು ಎಂದಳು, ಹಾಕಿದ. ಇಲ್ಲ. ಐದು ಸಲ ಹಾಕಿಸಿ ಬಿಚ್ಚಿಸಿದಳು.

"ನನಗೆ ಬೇರೆ ಕೆಲಸ ಇಲ್ವಾ? ನಿನಗೆ ಹುಚ್ಚು ಹಿಡಿದಿದೆ," ಎನ್ನುತ್ತಲೇ ಐದು ಸಲವೂ ಹಾಕಿ ಬಿಚ್ಚಿದ.

ಅವಳು ಕಟ್ಟೆಯಿಂದ ಇಳಿದು ಸರಪಳಿಯನ್ನು ಮೇಲಿಂದ ಕೆಳಕ್ಕೆ ನೋಡಿದಳು. ಅದೇ ಕೊಕ್ಕೆ, ಅದೇ ಕೊಂಡಿ. ಕೊನೆಯ ನಾಲ್ಕು ಕೊಂಡಿ ಮಣ್ಣಿನಲ್ಲಿ ಹೂತಿದ್ದವು. ಅಂಗಳಕ್ಕೆ ಟಾರು ಹಾಕುವಾಗ ಕಂಟ್ರಾಕ್ಟರನ ಜಲ್ಲಿ ಮುಗಿದು, ಒಂಬತ್ತನೇ ಬಸ್ಸಿನ ಮುಂದೆ ಒಂದು ಮಾರು ಜಾಗ ಹಾಗೆಯೇ ಉಳಿದಿತ್ತು. ನಲ್ಲಿಯ ನೀರು ಅಲ್ಲಿ ನಿಂತು ಮಣ್ಣು ಸದಾ ಹಸಿ. ಅವಳು ಎಂಟನೇ ಬಸ್ಸಿನ ಹತ್ತಿರ ಹೋದಳು. ಅದರ ಸರಪಳಿಯ ತುದಿ ಕರಿಯ, ಒಣ, ನುಣ್ಣನೆಯ ಟಾರಿನ ಮೇಲೆ ಮಲಗಿತ್ತು. ಕಾಲಿನಿಂದ ಸರಿಸಿದಳು. ಅದರ ಕೆಳಗೂ ಟಾರು, ಇರುವೆ ಇಳಿದುಹೋಗಲು ಮಣ್ಣೇ ಇಲ್ಲ.

ಮೂವತ್ತು ಸಲವಾದರೂ ಮಾತು ಅವಳ ಬಾಯಿವರೆಗೆ ಬಂತು, ಹೋಯಿತು. ಯಾರಿಗೆ ಹೇಳುವುದು? ಟಾರು ಹಾಕಿಸಿದವಳು ಇವಳೇ. ಮಳೆಗಾಲದ ತುಂಬ ಕೆಸರು ತುಳಿದು, ಒಂದೊಂದು ಬಸ್ಸನ್ನು ಎರಡೆರಡು ಸಲ ತೊಳೆದು, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಮ್ಮದು ಕೈಯೂ ಕೆಸರು ಬಾಯೂ ಕೆಸರು" ಎಂದು ಹೆಂಗಸರನ್ನೆಲ್ಲ ಸೇರಿಸಿ ಅರ್ಜಿ ಬರೆಸಿದವಳು ಅವಳು. ಮಳೆ ನಿಂತ ಮೇಲೆ, ಹೋದ ತಿಂಗಳಷ್ಟೇ, ಟಾರು ಬಂತು. ಅವತ್ತು ಅವಳಿಗೆ ಚಪ್ಪಾಳೆ ತಟ್ಟಿದ್ದರು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹದಿನೈದು ದಿನದ ಹಿಂದೆ ಇದೇ ನಾದಿನಿ ಬಂದು "ಅತ್ತಿಗೆ, ಯಾಕೋ ಸರಪಳಿ ಹಾಕಿದ್ರೂ ಕಚ್ತಿದೆ" ಎಂದಿದ್ದಳು. ಅವಳೊಬ್ಬಳೇ ಅಲ್ಲ, ಇನ್ನಿಬ್ಬರು ಅಂದಿದ್ದರು. ತನ್ನ ಕೊಕ್ಕೆಯ ಮೇಲೆ ಅಪವಾದ ಹೊರಿಸುತ್ತಿದ್ದಾರೆ ಎಂದು ಇವಳಿಗೆ ಮೂಗಿನ ತುದಿಗೆ ಸಿಟ್ಟು ಬಂದಿತ್ತು. "ನಿನ್ನ ಮೈಯೇ ಹಾಗೆ. ಎಲ್ಲಕ್ಕೂ ಅತಿ," ಎಂದು ಬಾಯಿ ಮುಚ್ಚಿಸಿದ್ದಳು. ಆಮೇಲೆ ಯಾರೂ ಬಾಯಿ ಬಿಟ್ಟಿರಲಿಲ್ಲ; ಮತ್ತೆ ಅತಿ ಎನ್ನಿಸಿಕೊಳ್ಳಬಾರದೆಂದು ನಾದಿನಿ ಹಿಂಗೈ ತಾಗಿಸುವುದನ್ನೂ ಬಿಟ್ಟಿದ್ದಳು.

ಶುಕ್ರವಾರ ಸಂಜೆ ಚಪ್ಪಲಿ ಬಿಚ್ಚಿದವಳು ಕೈಕಾಲು ಕೂಡ ತೊಳೆಯದೆ ನಡುಮನೆಯಲ್ಲಿ ನಾದಿನಿಯ ಎದುರು ನೆಲದ ಮೇಲೆ ಕೂತಳು. ಒಂದೇ ಉಸಿರಿಗೆ ಹೇಳಿದಳು: ಎಂಟು ಬಸ್ಸು ಕಚ್ಚಿದ್ದು, ಒಂಬತ್ತನೇದು ಸುಮ್ಮನಿದ್ದದ್ದು, ಟಾರು, ಮಣ್ಣು.

ನಾದಿನಿ ಕೇಳಿದಳು. ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದಳು.

"ಅದೆಲ್ಲ ಸರಿ. ಸೋಮವಾರ ಹಾಕಿದ್ರಾ, ಇಲ್ವಾ?"

"ಈಗಲೂ ನೆನಪಿಲ್ಲ ಕಣೆ. ಇನ್ನು ಸಾಯೋವರೆಗೂ ನೆನಪಾಗಲ್ಲ. ಹಾಕಿದ್ರೂ ನೀನು ಬೀಳ್ತಿದ್ದೆ, ಅಷ್ಟು ಮಾತ್ರ ಗೊತ್ತು."

"ನಾನು ಹೇಳಿದ್ದೆ."

"ಹೇಳಿದ್ದೆ."

"ನನ್ನ ಮೈಯೇ ಹಾಗೆ ಅಂದ್ರಿ."

"ಅಂದೆ."

ಒಳಗಿನಿಂದ ಗಂಡ ಇಣುಕಿ ನೋಡಿ, ಇಬ್ಬರ ಮುಖವನ್ನೂ ಕಂಡು, ತಲೆಯನ್ನು ಒಳಕ್ಕೆ ಎಳೆದುಕೊಂಡ.

"ನಾನು ಕ್ಷಮಿಸಿದೆ ಅಂತ ಅನ್ಕೋಬೇಡಿ," ಎಂದಳು ನಾದಿನಿ. "ಕಾಲು ನೋಯ್ತಿದೆ. ನೋವು ಇರೋವರೆಗೂ ಕ್ಷಮಿಸಲ್ಲ." ಆಮೇಲೆ ಕಣ್ಣೊರೆಸಿಕೊಂಡು, "ನಾಳೆ ಮೂರನೇದನ್ನ ಯಾರು ಒರೆಸ್ತಾರೆ?"

"ಇರುವೆ ಪುಡಿಯವಳು."

"ಅವಳಿಗೆ ಕಂಕುಳ ಮಗು ಇದೆ ಅತ್ತಿಗೆ."

ಶನಿವಾರ ಬೆಳಗ್ಗೆ ಅವಳು ನೇರ ಮ್ಯಾನೇಜರರ ಕೋಣೆಗೆ ಹೋದಳು. ಕಾಗದವನ್ನು ಮೇಜಿನ ಮೇಲೆ ಇಟ್ಟಳು, ಸಹಿ ಇಲ್ಲದೆ. ಟಾರಿನ ವಿಷಯ ಹೇಳಿದಳು. ಮ್ಯಾನೇಜರ್ ಅರ್ಧ ಕೇಳಿ ಗಡಿಯಾರ ನೋಡಿದರು.

"ಸರಿಯಮ್ಮ, ಹೆಡ್ಡಾಫೀಸಿಗೆ ಬರೀತೀನಿ. ಇಂಜಿನಿಯರ್ ಬರ್ತಾರೆ, ನೋಡ್ತಾರೆ, ಮಳೆಗಾಲದ ಹೊತ್ತಿಗೆ ಏನಾದ್ರೂ ಆಗುತ್ತೆ. ಅಲ್ಲಿವರೆಗೆ ಸರಪಳಿ ಹಾಕ್ತಾ ಇರಿ."

"ಹಾಕಿದ್ರೂ ಕಚ್ಚುತ್ತೆ ಅಂತಾನೇ ಸಾರ್ ನಾನು ಹೇಳ್ತಿರೋದು."

"ಅದೆಲ್ಲ ಸಣ್ಣ ಕರೆಂಟಮ್ಮ. ಅದರಿಂದ ಯಾರೂ ಸಾಯಲ್ಲ. ಪುಸ್ತಕದಲ್ಲೇ ಇದೆ."

"ಹಾಗಾದ್ರೆ ಬೂಟು ಬಿಚ್ಚಿ ಬನ್ನಿ ಸಾರ್. ಕಟ್ಟೆ ಮೇಲೆ ನಿಂತು ಒಂದು ಸಲ ಮುಟ್ಟಿ. ನೀವು ಮುಟ್ಟಿದ್ರೆ ಈ ಕಾಗದಕ್ಕೆ ಇಲ್ಲೇ ಸಹಿ ಹಾಕ್ತೀನಿ."

ಬಾಗಿಲಲ್ಲಿ ನಿಂತಿದ್ದ ಹಳೇ ಡ್ರೈವರ್ ಕೆಮ್ಮಿದ. ಮ್ಯಾನೇಜರ್ ತಮ್ಮ ಬೂಟು ನೋಡಿಕೊಂಡರು.

"ನನಗೆ ಬಿ.ಪಿ. ಇದೆ," ಎಂದರು.

ಸಣ್ಣ ಕರೆಂಟು ಯಾರನ್ನೂ ಕೊಲ್ಲುವುದಿಲ್ಲ, ನಿಜ. ಬೆಚ್ಚಿ ಬೀಳುವುದನ್ನು, ಕೈ ಜಿಗಿದು ಇನ್ನೆಲ್ಲೋ ಬಡಿಯುವುದನ್ನು, ಕಂಕುಳ ಮಗುವಿನ ತಾಯಿ ಐದಡಿ ಕೆಳಗೆ ಮುಖಾಡೆ ಬೀಳುವುದನ್ನು ಆ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಪುಸ್ತಕ ಓದಿದವರು ಕಟ್ಟೆಯ ಮೇಲೆ ನಿಲ್ಲುವುದಿಲ್ಲ, ಕಟ್ಟೆಯ ಮೇಲೆ ನಿಂತವರಿಗೆ ಪುಸ್ತಕ ಕೊಡುವುದಿಲ್ಲ.

ಅವಳು ಹೊರಗೆ ಬಂದು ಟಯರು ಬಿಚ್ಚುವ ಜಾಗದಲ್ಲಿ ಒರಗಿಸಿಟ್ಟಿದ್ದ ಹಾರೆ ಎತ್ತಿಕೊಂಡಳು. ಮೂರನೇ ಬಸ್ಸಿನ ಮುಂದೆ, ಸರಪಳಿಯ ತುದಿ ಬೀಳುವ ಕಡೆ, ಒಂದು ಏಟು ಹಾಕಿದಳು. ಟಾರು ಸೀಳಿತು. ಸೊಂಟ ಕಿತ್ತುಬಂದ ಹಾಗಾಯಿತು. ಎರಡನೇ ಏಟು ಹಾಕಿದಳು. ಹೆಂಗಸರು ಒರೆಸುವ ಬಟ್ಟೆ ಹಿಡಿದು ಸುತ್ತ ನೆರೆದರು. ಇರುವೆ ಪುಡಿಯವಳು "ಅಯ್ಯೋ, ನೀವೇ ಹಾಕ್ಸಿದ್ದಲ್ವಾ ಅಕ್ಕ ಇದನ್ನ!" ಎಂದಳು.

"ಅದಕ್ಕೇ ನಾನೇ ಒಡೀತಿರೋದು. ನೀನು ನೀರು ತಾ."

ಊಟದ ತಟ್ಟೆಯಷ್ಟು ಅಗಲಕ್ಕೆ ಟಾರು, ಅದರ ಕೆಳಗಿನ ಜಲ್ಲಿ ಎಲ್ಲ ಎದ್ದುಬಂದು ಕೆಂಪು ಮಣ್ಣು ಕಂಡಿತು. ಮೊಣಕೈ ಆಳ ತೋಡಿ, ಸರಪಳಿಯ ತುದಿಯನ್ನು ಇಳಿಸಿ, ಮಣ್ಣು ಮುಚ್ಚಿ, ಎರಡು ಬಕೆಟ್ ನೀರು ಸುರಿದಳು. ಕಟ್ಟೆ ಹತ್ತಿದಳು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಹಿಂಗೈ ತಾಗಿಸಿದಳು. ಆಮೇಲೆ ಅಂಗೈ ಪೂರ್ತಿ ಊರಿ, ಕನ್ನಡಿಯ ಕೋಲನ್ನು ಹಿಡಿದುಕೊಂಡು ನಿಂತಳು.

"ಇದೆಯಾ?" ಎಂದ ಹಳೇ ಡ್ರೈವರ್.

"ಬಂದು ನೋಡು."

ಅವನು ಹತ್ತಿ ಬಂದು, ಮುಟ್ಟಿ, "ಥೂ ಇದರ" ಎಂದು ನಕ್ಕ. ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದರು. ಹೊಸ ಟಾರಿನಲ್ಲಿ ಆದ ತೂತು ಕಂಡು ಅವರ ಮುಖವೂ ತೂತಾಯಿತು.

"ಯಾರ ಪರ್ಮಿಶನ್ ತಗೊಂಡು ಒಡೆದೆ? ಇದು ಸಂಸ್ಥೆಯ ಆಸ್ತಿ. ನಿನ್ನ ಮೇಲೆ ಮೆಮೋ ಬರೀತೀನಿ. ಈಗಲೇ ಬರೀತೀನಿ!"

ಬರೆದೇಬಿಟ್ಟರು. ಸೋಮವಾರ ಮುರಿದ ಕಾಲಿನ ಬಗ್ಗೆ ಬರೆಯಲು ಎರಡು ದಿನ, ಎರಡು ಕರಡು ಬೇಕಾಗಿತ್ತು; ಒಡೆದ ಟಾರಿನ ಬಗ್ಗೆ ಹತ್ತು ನಿಮಿಷ ಸಾಕಾಯಿತು. ಈ ದಿನ ಬೆಳಗ್ಗೆ ಏಳೂವರೆಗೆ ಅಂಗಳದ ನೆಲವನ್ನು ಒಂದು ಕಡೆ ಉದ್ದೇಶಪೂರ್ವಕವಾಗಿ ಒಡೆದಿರುತ್ತೀರಿ.

ಅವಳು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿದಳು. ಆ ವಾರದಲ್ಲಿ ಮೊದಲ ಸಲ ಅವಳಿಗೆ ಚೆನ್ನಾಗಿ ನೆನಪಿರುವ ಸಂಗತಿಯೊಂದು ಕಾಗದದ ಮೇಲಿತ್ತು.

"ಇದು ಸರಿಯಾಗಿದೆ ಸಾರ್. ಸಹಿ ಹಾಕ್ತೀನಿ," ಎಂದಳು. "ಆದ್ರೆ ಒಂದು ಕಡೆ ಅಂತ ಬರ್ದಿದೀರಿ. ಇನ್ನೂ ಏಳು ಬಸ್ಸಿದೆ, ಮಧ್ಯಾಹ್ನಕ್ಕೆ ಮುಗಿಯುತ್ತೆ. ಎಂಟು ಅಂತ ತಿದ್ದಿ ಕೊಡಿ."